ಹೊರುವ ಯಂತ್ರವೂ ದುಡಿಯುವ ಯಂತ್ರವೂ

ಸಿಇಟಿ ಸೀಟು ಹಂಚಿಕೆಯಲ್ಲಿ ಹಾಸನದ ಕಾಲೇಜೊಂದರ ಮೆಕ್ಯಾನಿಕಲ್ ವಿಭಾಗದಲ್ಲಿ ಮೊಮ್ಮಗಳಿಗೆ ಸ್ಥಾನ ದೊರೆತ ಸಂತೋಷವು, ಮೈಸೂರಿನ ಆ ಮನೆಯಲ್ಲಿ ಕೆಲವು ದಿನ ನಿರಾತಂಕವಾಗಿ ನಡೆದು, ಶುಲ್ಕ ಕಟ್ಟಿಯಾದ ಮೇಲೆ ಲ್ಯಾಪ್‌ಟಾಪ್ ಎಂಬ ಪ್ರಶ್ನೆಯ ಬಳಿ ಬಂದು ನಿಂತಿತು. ಹಣ ಕೊಡಬೇಕಾದ ತಂದೆಯು, ಯಂತ್ರಗಳ ಗುಣದೋಷವನ್ನು ತಾನರಿಯೆನೆಂದೂ, ಲೋಕೋಪಯೋಗಿ ಇಲಾಖೆಯಲ್ಲಿ ಇಂಜಿನಿಯರಾಗಿದ್ದು ನಿವೃತ್ತರಾದ ತನ್ನ ತಂದೆಯವರು ಒಪ್ಪಿದ್ದನ್ನು ತಾನೂ ಒಪ್ಪುವೆನೆಂದೂ ಹೇಳಿ ಕಚೇರಿಗೆ ಹೊರಟುಹೋದುದರಿಂದ, ವಾದವು ತಾತನಿಗೂ ಮೊಮ್ಮಗಳಿಗೂ ಉಳಿಯಿತು. ಅದರಲ್ಲಿ ಮುಖ್ಯವೆಂದು ತೋರಿದಷ್ಟನ್ನು ಇಲ್ಲಿ ಕೊಟ್ಟಿದೆ.

ಮೊಮ್ಮಗಳು: ತಾತ, ಮೂರು ಯಂತ್ರಗಳನ್ನು ಆರಿಸಿ ಬರೆದುಕೊಂಡು ಬಂದಿದ್ದೇನೆ, ನೋಡಿ. ಮೊದಲನೆಯದು ಅಂಗಡಿಯವರು ಗೇಮಿಂಗ್ ಲ್ಯಾಪ್‌ಟಾಪ್ ಎನ್ನುತ್ತಾರಲ್ಲ, ಆ ಜಾತಿಯದು: 15.6 ಇಂಚಿನ ಪರದೆ, ಎನ್‌ವಿಡಿಯಾದ ಆರ್‌ಟಿಎಕ್ಸ್ 4050 ಎಂಬ ಪ್ರತ್ಯೇಕ ಗ್ರಾಫಿಕ್ಸ್, 16 ಜಿಬಿ ರ‍್ಯಾಮ್. ಎರಡನೆಯದು 14 ಇಂಚಿನ ತೆಳ್ಳನೆಯ ಯಂತ್ರ, ರ‍್ಯಾಮ್ ಅಷ್ಟೇ, ಗ್ರಾಫಿಕ್ಸ್ ಮಾತ್ರ ಪ್ರೊಸೆಸರಿನೊಳಗೇ ಅಡಕ, ತೂಕ 1.3 ಕಿಲೋ. ಮೂರನೆಯದು ಆಪಲ್‌ನ ಮ್ಯಾಕ್‌ಬುಕ್ ಏರ್, 1.24 ಕಿಲೋ, ಒಳಗೆ ಫ್ಯಾನೇ ಇಲ್ಲ.

ತಾತ: ಎರಡರ ತೂಕವನ್ನು ದಶಮಾಂಶ ಸಹಿತವಾಗಿ ಬರೆದಿರುವವಳು ಮೊದಲನೆಯದರ ಎದುರಿನ ಜಾಗವನ್ನು ಖಾಲಿ ಬಿಟ್ಟಿರುವುದನ್ನು ಕಂಡರೆ, ನಿನ್ನ ಮನಸ್ಸು ಯಾವ ಕಡೆಗೆ ವಾಲಿದೆಯೆಂಬುದು ಕೇಳದೆಯೇ ತಿಳಿಯುತ್ತದೆ.

ಮೊಮ್ಮಗಳು: 2.3 ಕಿಲೋ. ಅಡಾಪ್ಟರು ಬೇರೆ, ಅದು ಅರ್ಧ ಕಿಲೋಗೂ ಮೇಲೆ.

ತಾತ: ಅಲ್ಲಿಗೆ ಮೂರು ಕಿಲೋ ಎನ್ನೋಣ. ಹೆಗಲ ಮೇಲಿನ ಭಾರವು ಮೊದಲ ದಿನ ಯಾರಿಗೂ ಭಾರವಾಗಿ ತೋರದು. ಹಾಸ್ಟೆಲಿನಿಂದ ತರಗತಿಗೆ, ತರಗತಿಯಿಂದ ವರ್ಕ್‌ಷಾಪಿಗೆ, ಅಲ್ಲಿಂದ ಲೈಬ್ರರಿಗೆ, ಶನಿವಾರ ಮಧ್ಯಾಹ್ನ ಮೈಸೂರಿನ ಬಸ್ಸಿಗೆ ಎಂದು ಹೊರುತ್ತ ಹೋದಾಗ, ಒಂದು ತಿಂಗಳು ದಿನವೂ ಹೊತ್ತು, ಎರಡನೆಯ ತಿಂಗಳು ವಾರಕ್ಕೆರಡು ದಿನ ಹೊತ್ತು, ಮೂರನೆಯ ತಿಂಗಳಿಂದ ಅದನ್ನು ಕೋಣೆಯ ಮೇಜಿನ ಮೇಲೆ ಸ್ಥಾಪನೆ ಮಾಡಿಬಿಡುವುದು ಮನುಷ್ಯಸ್ವಭಾವ. ಹಾಗೆ ನೆಲೆನಿಂತ ಯಂತ್ರಕ್ಕೆ ನಿಮ್ಮಪ್ಪ ಲ್ಯಾಪ್‌ಟಾಪಿನ ಬೆಲೆ ತೆತ್ತು ಡೆಸ್ಕ್‌ಟಾಪಿನ ಪ್ರಯೋಜನ ಪಡೆದಂತಾಯಿತು.

ಮೊಮ್ಮಗಳು: ನಿಲ್ಲಲಿ ತಾತ, ನಿಲ್ಲುವುದು ನನ್ನ ಮೇಜಿನ ಮೇಲೆ ತಾನೆ? ತರಗತಿಯಲ್ಲಿ ಬರೆದುಕೊಳ್ಳುವುದಕ್ಕೆ ನೋಟ್‌ಬುಕ್ಕೂ ಪೆನ್ನೂ ಸಾಕು. ಯಂತ್ರ ಬೇಕಾಗುವುದು ರಾತ್ರಿ, ಕೋಣೆಯಲ್ಲಿ, ಪ್ಲಗ್ಗಿನ ಪಕ್ಕದಲ್ಲಿ. ಆ ಹೊತ್ತಿನಲ್ಲಿ ಅದು ಎಷ್ಟು ಹಗುರವೆಂದು ಯಾರು ಕೇಳುತ್ತಾರೆ?

ತಾತ: ಒಳ್ಳೆಯದು. ಆ ಹೊತ್ತಿನಲ್ಲಿ ಅದು ಮಾಡಬೇಕಾದ ಕೆಲಸವಾದರೂ ಯಾವುದು? ಶಕ್ತಿ ಬೇಕೆನ್ನುವವರು ಮೊದಲು ಹೊರೆಯನ್ನು ಹೇಳಬೇಕು. ಸೇತುವೆಯ ಮೇಲೆ ಏನು ಹೋಗುತ್ತದೆಂದು ತಿಳಿಯದೆ ಗರ್ಡರಿನ ಗಾತ್ರವನ್ನು ಯಾರೂ ನಿಶ್ಚಯಿಸುವುದಿಲ್ಲ.

ಮೊಮ್ಮಗಳು: ಮೊದಲ ವರ್ಷ ಡ್ರಾಯಿಂಗಿಗೆ ಸಾಲಿಡ್ ಎಡ್ಜ್. ವಿಟಿಯು ಕಾಲೇಜುಗಳಲ್ಲಿ ಈಗ ಬೋರ್ಡು, ಡ್ರಾಫ್ಟರುಗಳ ಕಾಲ ಮುಗಿಯಿತು, ಕಂಪ್ಯೂಟರಿನಲ್ಲೇ ಬರೆಯಬೇಕು. ಆಮೇಲೆ ಸಾಲಿಡ್‌ವರ್ಕ್ಸ್, ಮ್ಯಾಟ್‌ಲ್ಯಾಬ್, ಮೂರನೆಯ ವರ್ಷದ ಹೊತ್ತಿಗೆ ಆನ್ಸಿಸ್. ಜೊತೆಗೆ ಬಾಹಾ ಎಸ್‌ಎಇ ಇಂಡಿಯಾ ಸ್ಪರ್ಧೆಗೆ ಹೋಗುವ ತಂಡಕ್ಕೆ ಸೇರಬೇಕೆಂದಿದ್ದೇನೆ. ಕಾಡುಮೇಡಿನಲ್ಲಿ ಓಡುವ ಒಂಟಿ ಸೀಟಿನ ಗಾಡಿಯನ್ನು ವಿದ್ಯಾರ್ಥಿಗಳೇ ವಿನ್ಯಾಸ ಮಾಡಿ ಕಟ್ಟಬೇಕು. ಅದರ ರೋಲ್ ಕೇಜ್, ಅಂದರೆ ಚಾಲಕನ ಸುತ್ತಲಿನ ಕೊಳವೆಗಳ ಗೂಡು, ಉರುಳಿದರೆ ತಡೆಯುತ್ತದೆಯೇ ಇಲ್ಲವೇ ಎಂದು ಲೆಕ್ಕ ಹಾಕಿ ತೋರಿಸಬೇಕು.

ತಾತ: ಇವುಗಳಲ್ಲಿ ಮ್ಯಾಕ್‌ಬುಕ್ಕಿನಲ್ಲಿ ನಡೆಯತಕ್ಕವು ಯಾವುವು?

ಮೊಮ್ಮಗಳು: ಮ್ಯಾಟ್‌ಲ್ಯಾಬ್ ನಡೆಯುತ್ತದೆ. ಸಾಲಿಡ್ ಎಡ್ಜ್, ಸಾಲಿಡ್‌ವರ್ಕ್ಸ್, ಆನ್ಸಿಸ್ ಮೂರೂ ವಿಂಡೋಸ್ ಕೇಳುತ್ತವೆ. 2020ರಲ್ಲಿ ಆಪಲ್‌ನವರು ಇಂಟೆಲ್ ಬಿಟ್ಟು ತಮ್ಮದೇ ಚಿಪ್ಪಿಗೆ ಹೋದಾಗಿನಿಂದ, ಹಿಂದಿನಂತೆ ಅದೇ ಯಂತ್ರದಲ್ಲಿ ನೇರವಾಗಿ ವಿಂಡೋಸ್ ಹಾಕಿಕೊಳ್ಳುವ ದಾರಿಯೂ ಮುಚ್ಚಿತು. ಕಂಪ್ಯೂಟರ್ ಸೈನ್ಸ್ ತೆಗೆದುಕೊಂಡ ನನ್ನ ಗೆಳತಿಗೆ ಅದು ಬಲು ಚೆನ್ನ. ದಿನವಿಡೀ ಚಾರ್ಜು ಬರುತ್ತದೆ, ಅವಳಿಗೆ ಬೇಕಾದುದೆಲ್ಲ ಅದರಲ್ಲುಂಟು. ನನಗಲ್ಲ.

ತಾತ: ಹಾಗಾದರೆ ಅದನ್ನು ಹೊಡೆದುಹಾಕು. ಯಂತ್ರದಲ್ಲಿ ದೋಷವಿಲ್ಲದಿದ್ದರೂ ವಿದ್ಯೆಗೆ ಹೊಂದದಿದ್ದರೆ ಅದು ನಮ್ಮದಲ್ಲ. ಉಳಿದ ಎರಡರಲ್ಲಿ ಪ್ರೊಸೆಸರಿನ ಹೆಸರಿನ ತುದಿಗೆ ಒಂದು ಕಡೆ ಯು ಎಂದೂ ಇನ್ನೊಂದು ಕಡೆ ಎಚ್ ಎಂದೂ ಇದೆಯಲ್ಲ, ಏನದು?

ಮೊಮ್ಮಗಳು: ಇಂಟೆಲ್‌ನವರ ಗುರುತು. ಯು ಎಂದರೆ 15 ವ್ಯಾಟಿನ ಆಸುಪಾಸಿನಲ್ಲಿ ನಡೆಯುವುದಕ್ಕೆ ಮಾಡಿದ್ದು. ಎಚ್ ಎಂದರೆ 45 ವ್ಯಾಟ್. ಮೂರು ಪಟ್ಟು.

ತಾತ: ವಿದ್ಯುತ್ತು ಮೂರು ಪಟ್ಟು, ವೇಗವಲ್ಲ. ಚಿಪ್ಪಿನಲ್ಲಿ ವ್ಯಯವಾಗುವ ಶಕ್ತಿಯು ಆವರ್ತನಕ್ಕೂ ವೋಲ್ಟೇಜಿನ ವರ್ಗಕ್ಕೂ ಅನುಪಾತದಲ್ಲಿರುತ್ತದೆ. ಆವರ್ತನವನ್ನು ಏರಿಸಬೇಕಾದರೆ ವೋಲ್ಟೇಜನ್ನೂ ಏರಿಸಬೇಕಾಗುತ್ತದೆ. ಆದಕಾರಣ ವೇಗ ಬೆಳೆದಂತೆ ಶಾಖವು ಸ್ಥೂಲವಾಗಿ ಅದರ ಘನದಂತೆ ಬೆಳೆಯುತ್ತದೆ. ಮೂರರ ಘನಮೂಲವೆಷ್ಟು ನೋಡೋಣ: ಮೂರರ ಲಾಗ್ 0.4771, ಅದರ ಮೂರನೆಯ ಒಂದು ಪಾಲು 0.159; ಅದಕ್ಕೆ ಸರಿಯಾದ ಸಂಖ್ಯೆ 1.44. ಮೂರು ಪಟ್ಟು ಶಾಖವನ್ನು ಹುಟ್ಟಿಸಿ, ಅದನ್ನು ಹೊರದೂಡಲು ತಾಮ್ರದ ಕೊಳವೆ, ಎರಡು ಫ್ಯಾನು, ದಪ್ಪ ಕವಚ ಇಷ್ಟನ್ನೂ ಹೊತ್ತುಕೊಂಡು, ನಿನಗೆ ಲಭಿಸಿದ್ದು ಒಂದೂವರೆ ಪಟ್ಟಿಗೂ ಕಡಮೆ ವೇಗ.

(ಮೊಮ್ಮಗಳು ಅಷ್ಟರಲ್ಲಿ ಫೋನಿನ ಕ್ಯಾಲ್ಕುಲೇಟರಿನಲ್ಲಿ ಘನಮೂಲ ತೆಗೆದಿದ್ದಳು. 1.442 ಎಂದಿತ್ತು.)

ಮೊಮ್ಮಗಳು: ಲೆಕ್ಕ ಸರಿಯಾಗಿದೆ, ತಾತ, ಅದು ಅನ್ವಯಿಸುವುದು ಮಾತ್ರ ಒಂದೇ ಕೋರಿಗೆ. ಹೆಚ್ಚಿನ ವ್ಯಾಟುಗಳೆಲ್ಲ ಒಂದು ಕೋರನ್ನು ಓಡಿಸುವುದಕ್ಕೇ ಹೋಗುವುದಿಲ್ಲ. ಹೆಚ್ಚು ಕೋರುಗಳನ್ನು ಒಟ್ಟಿಗೆ ದುಡಿಸುವುದಕ್ಕೂ ಹೋಗುತ್ತವೆ. ಕೆಲಸವನ್ನು ಹಂಚಬಹುದಾದರೆ ಲಾಭ ನಿಮ್ಮ 1.44ಕ್ಕೆ ನಿಲ್ಲದು. ಇನ್ನೊಂದು ಸಂಗತಿ: ತೆಳ್ಳನೆಯ ಯಂತ್ರ ಮೊದಲ ಕೆಲವು ನಿಮಿಷ ತನ್ನ ಪೂರ್ಣ ವೇಗದಲ್ಲಿ ಓಡುತ್ತದೆ, ಶಾಖವನ್ನು ಹೊರಹಾಕುವ ದಾರಿ ಸಾಲದಾದಾಗ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ, ಇದನ್ನೇ ಥ್ರಾಟ್ಲಿಂಗ್ ಎನ್ನುವುದು. ವೀಡಿಯೋಗಳಲ್ಲಿ ತೋರಿಸುವ ಸ್ಕೋರು ಆ ಮೊದಲ ನಿಮಿಷಗಳದ್ದು. ನನಗೆ ಬೇಕಾದದ್ದು ನಲವತ್ತನೆಯ ನಿಮಿಷದ ವೇಗ.

ತಾತ: ಇದನ್ನು ಒಪ್ಪಿದೆ. ಕ್ಷಣಕಾಲದ ಬಲಕ್ಕೂ ನಿರಂತರ ಬಲಕ್ಕೂ ಇರುವ ಭೇದವನ್ನು ಕಂಡವರು ಕೊಳ್ಳುವ ಪೇಟೆಯಲ್ಲಿ ಅಪರೂಪ. ಆದರೆ ಪ್ಲಗ್ಗು ಕಿತ್ತರೆ ಆ ನಿರಂತರ ಬಲದ ಗತಿಯೇನು?

ಮೊಮ್ಮಗಳು: ಕುಗ್ಗುತ್ತದೆ. ಬ್ಯಾಟರಿಯ ಮೇಲೆ ಗ್ರಾಫಿಕ್ಸು ಪೂರ್ಣ ಶಕ್ತಿಯಲ್ಲಿ ನಡೆಯುವುದಿಲ್ಲ. ನಡೆದರೂ 60 ವ್ಯಾಟ್-ಅವರಿನ ಬ್ಯಾಟರಿಯಿಂದ 60 ವ್ಯಾಟ್ ಎಳೆದರೆ ಒಂದು ಗಂಟೆ. ಅದೇ ಬ್ಯಾಟರಿಯಲ್ಲಿ ತೆಳ್ಳನೆಯ ಯಂತ್ರ ಓದುಬರಹಕ್ಕೆ ಹತ್ತು ವ್ಯಾಟ್ ಎಳೆಯುತ್ತ ಆರು ಗಂಟೆ ಬರುತ್ತದೆ. ಬ್ಯಾಟರಿಯನ್ನು ಇಷ್ಟಬಂದಷ್ಟು ದೊಡ್ಡದು ಮಾಡುವಂತೆಯೂ ಇಲ್ಲ. ವಿಮಾನದೊಳಗೆ ವಿಶೇಷ ಅನುಮತಿಯಿಲ್ಲದೆ ಒಯ್ಯಬಹುದಾದ ಮೇರೆ 100 ವ್ಯಾಟ್-ಅವರ್ ಆದುದರಿಂದ ತಯಾರಕರೆಲ್ಲ ಅದರ ಕೆಳಗೇ ನಿಲ್ಲುತ್ತಾರೆ.

ತಾತ: ಹಾಗಾದರೆ ನೀನು ಕೊಳ್ಳಬೇಕೆನ್ನುವುದು, ಗೋಡೆಯಲ್ಲಿ ಪ್ಲಗ್ಗಿರುವ ಕಡೆ ಬಲಶಾಲಿಯಾಗಿಯೂ ಅದಿಲ್ಲದ ಕಡೆ ಬರಿಯ ಭಾರವಾಗಿಯೂ ಇರುವ ಒಂದು ವಸ್ತು. ಇಂಜಿನಿಯರಿನ ಉಪಕರಣವು ಪ್ರಶ್ನೆ ಹುಟ್ಟಿದ ಸ್ಥಳದಲ್ಲಿ ಕೈಗೆ ಸಿಗಬೇಕು. ಬೆಂಗಳೂರಿನಲ್ಲಿ ಓದುತ್ತಿದ್ದಾಗ ನಮ್ಮಲ್ಲಿ ಪ್ರತಿಯೊಬ್ಬನ ಬಳಿಯೂ ಹತ್ತಿಂಚಿನ ಸ್ಲೈಡ್ ರೂಲ್ ಇತ್ತು. ಅದು ಕೊಡುತ್ತಿದ್ದುದು ಮೂರೇ ಅಂಕಿ. ದಶಮಾಂಶ ಬಿಂದು ಎಲ್ಲಿ ಬೀಳಬೇಕೆಂಬುದನ್ನು ಅದು ಹೇಳುತ್ತಲೇ ಇರಲಿಲ್ಲ, ನಾವೇ ಅಂದಾಜು ಮಾಡಬೇಕಾಗಿತ್ತು. ಆ ಅಂದಾಜಿನ ಅಭ್ಯಾಸವೇ ಮುಂದೆ ಸೈಟಿನಲ್ಲಿ, ಕಾಂಟ್ರಾಕ್ಟರನು ತಂದ ಲೆಕ್ಕದಲ್ಲಿ ಒಂದು ಸೊನ್ನೆ ಹೆಚ್ಚಿದ್ದುದನ್ನು ಕಾಗದ ಕೈಗೆ ಬಂದ ಕೂಡಲೇ ಹಿಡಿಯುವಂತೆ ಮಾಡಿತು. ಹಗುರವಾದ ಸಾಧನವು ಮನುಷ್ಯನಿಗೆ ಒಂದಿಷ್ಟು ಕೆಲಸವನ್ನು ಉಳಿಸಿಡುತ್ತದೆ. ಆ ಉಳಿದ ಕೆಲಸದಲ್ಲೇ ವಿದ್ಯೆ ಇರುವುದು.

ಮೊಮ್ಮಗಳು: ಸ್ಲೈಡ್ ರೂಲಿನಿಂದ ಮುಗಿಯದ ಲೆಕ್ಕ ಬಂದಾಗ ಏನು ಮಾಡುತ್ತಿದ್ದಿರಿ?

ತಾತ: ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ, ನೀವು ಐಐಎಸ್‌ಸಿ ಎನ್ನುತ್ತೀರಲ್ಲ, ಅಲ್ಲಿ ಐಬಿಎಂ 360 ಗಣಕವಿತ್ತು. ಪಂಚ್ ಕಾರ್ಡುಗಳಲ್ಲಿ, ಒಂದೊಂದರಲ್ಲಿ ಎಂಬತ್ತು ಅಕ್ಷರದಂತೆ ಪ್ರೋಗ್ರಾಮನ್ನು ತೂತು ಮಾಡಿಸಿ, ಕಟ್ಟನ್ನು ಕೊಟ್ಟುಬಂದರೆ, ಉತ್ತರ ಇನ್ನೊಂದು ದಿನ. ಒಂದು ಅಲ್ಪವಿರಾಮ ತಪ್ಪಿದ್ದರೆ ಉತ್ತರದ ಬದಲು ದೋಷಸೂಚನೆಯ ಕಾಗದ. ಮತ್ತೆ ಸಾಲಿನಲ್ಲಿ ನಿಲ್ಲುವುದು.

ಮೊಮ್ಮಗಳು: ನೋಡಿ, ನನ್ನ ವಾದವನ್ನು ನೀವೇ ಹೇಳಿದಿರಿ. ಹಗುರವಾದುದು ಜೇಬಿನಲ್ಲಿ, ಬಲವಾದುದು ಬೇರೆಯವರ ಬೀಗದೊಳಗೆ. ದಿನಕ್ಕೊಂದು ಸಲ ತಪ್ಪು ಮಾಡುವ ಅವಕಾಶವಿದ್ದವರಿಗೂ ಗಂಟೆಗೆ ಹತ್ತು ಸಲ ತಪ್ಪು ಮಾಡುವ ಅವಕಾಶವಿರುವವರಿಗೂ ವಿದ್ಯೆ ಒಂದೇ ವೇಗದಲ್ಲಿ ಹತ್ತೀತೆ? ಕಾಲೇಜಿನ ಲ್ಯಾಬಿನಲ್ಲಿ ಒಳ್ಳೆಯ ಯಂತ್ರಗಳಿವೆ ಎಂದು ನೀವು ಹೇಳುವಿರಿ. ಆದರೆ ಲ್ಯಾಬಿಗೆ ಸಾಯಂಕಾಲ ಬೀಗ ಬೀಳುತ್ತದೆ.

ತಾತ: ತಾಳು. ಹತ್ತು ಸಲ ತಪ್ಪು ಮಾಡುವವಳು ಅದು ತಪ್ಪೆಂದು ತಿಳಿಯುವುದು ಹೇಗೆ? ನಿನ್ನ ರೋಲ್ ಕೇಜಿನಲ್ಲಿ ಎರಡು ತಗಡುಗಳು ಲಂಬವಾಗಿ ಕೂಡುವ ಒಂದು ಬ್ರಾಕೆಟ್ ಇದೆಯೆನ್ನು, ಒಳಮೂಲೆ ಚೂಪಾಗಿದೆ. ಸ್ಥಿತಿಸ್ಥಾಪಕತ್ವದ ಸಿದ್ಧಾಂತದಂತೆ ಅಂಥ ಮೂಲೆಯಲ್ಲಿ ಸ್ಟ್ರೆಸ್ಸಿಗೆ ಮೇರೆಯೇ ಇಲ್ಲ. ಮೆಷ್, ಅಂದರೆ ಲೆಕ್ಕಕ್ಕಾಗಿ ವಸ್ತುವನ್ನು ಸಣ್ಣ ಸಣ್ಣ ಅಂಶಗಳಾಗಿ ವಿಂಗಡಿಸುವ ಬಲೆ, ಎಷ್ಟು ಸಣ್ಣದಾದರೆ ಅಷ್ಟು ದೊಡ್ಡ ಸಂಖ್ಯೆ ಬರುತ್ತದೆ. ನಿಜವಾದ ಬ್ರಾಕೆಟ್ಟಿನಲ್ಲಿ ವೆಲ್ಡು ಮಾಡಿದ ಕಡೆ ಕೊಂಚ ದುಂಡಗಿರುತ್ತದೆ, ಲೋಹವೂ ಕೊಂಚ ಬಾಗಿಕೊಳ್ಳುತ್ತದೆ, ಆ ಸಂಖ್ಯೆ ಅಲ್ಲಿ ಇಲ್ಲವೇ ಇಲ್ಲ. ನಿನ್ನ ಬಲಶಾಲಿ ಯಂತ್ರ ಮೆಷ್ಷನ್ನು ಇನ್ನಷ್ಟು ಸಣ್ಣದು ಮಾಡಿ, ಮೂಲೆಯನ್ನು ಇನ್ನಷ್ಟು ಕೆಂಪಗೆ ಬಣ್ಣ ಹಚ್ಚಿ, ಇಲ್ಲದ ಸಂಖ್ಯೆಯೊಂದನ್ನು ನಾಲ್ಕು ದಶಮಾಂಶದ ತನಕ ಕೊಡುತ್ತದೆ. ಅದು ತಪ್ಪೆಂದು ಹೇಳಬಲ್ಲದ್ದು ಗ್ರಾಫಿಕ್ಸ್ ಕಾರ್ಡಲ್ಲ. ಕಾಗದದ ಮೇಲೆ ಬೀಮಿನ ಸೂತ್ರ ಬರೆದು, ಇಷ್ಟರ ಸಮೀಪ ಬರಬೇಕಲ್ಲವೆ ಎಂದು ಮೊದಲೇ ಅಂದಾಜು ಮಾಡಿದ ತಲೆ.

ಮೊಮ್ಮಗಳು: ಮೂಲೆಯ ಸಂಖ್ಯೆಗೆ ಮೇರೆಯಿಲ್ಲವೆಂಬುದನ್ನು ನೀವು ಸಿದ್ಧಾಂತದಿಂದ ತಿಳಿದಿರಿ. ನಾನು ಅದನ್ನು ಕಣ್ಣಾರೆ ಕಾಣಬೇಕಾದರೆ? ಮೆಷ್ಷನ್ನು ಒಮ್ಮೆ ಅರ್ಧ ಮಾಡಬೇಕು, ಮತ್ತೊಮ್ಮೆ ಅರ್ಧ ಮಾಡಬೇಕು, ಪ್ರತಿ ಸಲವೂ ಸ್ಟ್ರೆಸ್ಸು ಏರುವುದನ್ನು ನೋಡಬೇಕು. ಪಕ್ಕದಲ್ಲಿ ದುಂಡಗಿನ ಮೂಲೆಯ ಬ್ರಾಕೆಟ್ ಮಾಡಿ, ಅಲ್ಲಿ ಸಂಖ್ಯೆ ಒಂದೆಡೆ ಸ್ಥಿರವಾಗಿ ನಿಲ್ಲುವುದನ್ನು ಹೋಲಿಸಬೇಕು. ಮೂರು ಆಯಾಮದಲ್ಲಿ ಒಂದು ಸಲ ಅರ್ಧ ಮಾಡಿದರೆ ಅಂಶಗಳು ಎಂಟು ಪಟ್ಟು, ಎರಡು ಸಲವಾದರೆ ಅರುವತ್ತನಾಲ್ಕು ಪಟ್ಟು. ಈ ಪ್ರಯೋಗ ಒಂದೇ ಸಂಜೆಯಲ್ಲಿ ಮುಗಿದರೆ ನಾನದನ್ನು ಮಾಡುತ್ತೇನೆ. ಒಂದು ವಾರ ಹಿಡಿದರೆ ಯಾರೂ ಮಾಡುವುದಿಲ್ಲ, ಮೊದಲು ಬಂದ ಕೆಂಪು ಚಿತ್ರವನ್ನೇ ರಿಪೋರ್ಟಿಗೆ ಅಂಟಿಸುತ್ತಾರೆ. ಯಂತ್ರದ ಮೇಲೆ ಸಂದೇಹಪಡುವುದನ್ನು ಕಲಿಯುವುದಕ್ಕೂ ಯಂತ್ರದ ಬಲ ಬೇಕು, ತಾತ.

ತಾತ: (ಸ್ವಲ್ಪ ಹೊತ್ತು ಸುಮ್ಮನಿದ್ದು) ಈ ಮಾತನ್ನು ತಳ್ಳಿಹಾಕಲಾರೆ. ಆದರೂ ಒಂದು ಪ್ರಶ್ನೆ. ಆನ್ಸಿಸ್ ವಿದ್ಯಾರ್ಥಿಗಳಿಗೆ ಪುಕ್ಕಟೆ ಸಿಗುವುದಷ್ಟೆ? ಅದರಲ್ಲಿ ಲೆಕ್ಕದ ಗಾತ್ರಕ್ಕೆ ಮಿತಿಯೇನಾದರೂ ಉಂಟೆ?

ಮೊಮ್ಮಗಳು: ಉಂಟು. ಇಷ್ಟು ಅಂಶಗಳನ್ನು ಮೀರಿದರೆ ಲೆಕ್ಕವನ್ನು ಬಿಡಿಸುವುದಿಲ್ಲ.

ತಾತ: ಅಂದಮೇಲೆ ನಿನ್ನ ಎಂಟು ಪಟ್ಟು, ಅರುವತ್ತನಾಲ್ಕು ಪಟ್ಟುಗಳು ಯಂತ್ರ ದಣಿಯುವುದಕ್ಕೆ ಮುಂಚೆಯೇ ಆ ಮಿತಿಗೆ ತಗಲಿ ನಿಲ್ಲಬಹುದು. ಅದರೊಳಗೆ ಹಿಡಿಯುವ ಲೆಕ್ಕಕ್ಕೆ ಬೇಕಾದುದು ರ‍್ಯಾಮು, ಪ್ರೊಸೆಸರು. ಆ ಪ್ರತ್ಯೇಕ ಗ್ರಾಫಿಕ್ಸಿನ ಪಾತ್ರವೇನು?

ಮೊಮ್ಮಗಳು: ಚಿಕ್ಕ ಅಸೆಂಬ್ಲಿಯ ಸಾಲಿಡ್ ಎಡ್ಜ್ ಡ್ರಾಯಿಂಗಿಗೆ ಅದು ಬೇಡ. ಸಾಧಾರಣ ಸ್ಟ್ರೆಸ್ ಲೆಕ್ಕಕ್ಕೂ ಅದರ ಪಾತ್ರ ಸಣ್ಣದು. ದೊಡ್ಡ ಅಸೆಂಬ್ಲಿಯನ್ನು ಪರದೆಯ ಮೇಲೆ ತಿರುಗಿಸುವಾಗ, ರೆಂಡರಿಂಗ್ ಮಾಡುವಾಗ, ಮೆಷಿನ್ ಲರ್ನಿಂಗ್ ಕಲಿಯುವಾಗ ಬೇಕು; ಆ ಕಡೆಯ ಬಹುಪಾಲು ಸಾಫ್ಟ್‌ವೇರು ಎನ್‌ವಿಡಿಯಾದವರ ಕ್ಯೂಡಾವನ್ನು ನಂಬಿಕೊಂಡಿದೆ.

ತಾತ: ಮತ್ತೆ ಆಟಕ್ಕೆ.

ಮೊಮ್ಮಗಳು: ಆಟಕ್ಕೂ. ಮರೆಮಾಚುವುದಿಲ್ಲ.

ತಾತ: ಮರೆಮಾಚದ್ದು ಸಂತೋಷ. ಮೆಷಿನ್ ಲರ್ನಿಂಗ್ ಅಭ್ಯಾಸಕ್ಕೆ ಗೂಗಲ್‌ನವರ ಕೊಲ್ಯಾಬ್‌ನಲ್ಲಿ ಗ್ರಾಫಿಕ್ಸ್ ಪುಕ್ಕಟೆ ಸಿಗುತ್ತದೆಂದು ನಿಮ್ಮಣ್ಣ ಹೇಳುತ್ತಿದ್ದ.

ಮೊಮ್ಮಗಳು: ಸಿಗುತ್ತದೆ, ಹಾಸ್ಟೆಲಿನ ವೈಫೈ ಎದ್ದಿದ್ದರೆ, ಕೊಡುವವರಿಗೆ ಆ ಹೊತ್ತಿನಲ್ಲಿ ಬಿಡುವಿದ್ದರೆ. ಅದೂ ಒಂದು ಬಗೆಯ ಸಾಲಿನಲ್ಲಿ ನಿಲ್ಲುವುದೇ. ಇನ್ನು ಗ್ರಾಫಿಕ್ಸಿನ ವಿಷಯದಲ್ಲಿ ನನ್ನ ಪಕ್ಷಕ್ಕೆ ಪ್ರತಿಕೂಲವಾದ ಒಂದು ಸಂಗತಿಯನ್ನು ನಾನೇ ಹೇಳುತ್ತೇನೆ. 4050 ಎಂಬ ಹೆಸರು ಒಂದೇ ಆದರೂ ಅದಕ್ಕೆ 35 ವ್ಯಾಟಿನಿಂದ 115 ವ್ಯಾಟಿನ ತನಕ ಎಷ್ಟು ಬೇಕಾದರೂ ಕೊಡುವ ಸ್ವಾತಂತ್ರ್ಯ ಲ್ಯಾಪ್‌ಟಾಪ್ ಮಾಡುವವರಿಗಿದೆ. ಹೆಸರು ನೋಡಿ ಕೊಂಡವರು, ಹಗುರವಾದ ಕವಚದೊಳಗೆ ಕಡಮೆ ವ್ಯಾಟಿನ 4050 ಹೊತ್ತು ಬರುತ್ತಾರೆ. ಅಂಗಡಿಯ ಚೀಟಿಯಲ್ಲಿ ಆ ಅಂಕಿ ಇರುವುದಿಲ್ಲ. ತಯಾರಕರ ವಿವರಪಟ್ಟಿಯಲ್ಲಿ ಹುಡುಕಬೇಕು.

ತಾತ: ಹಾಗಿದ್ದರೆ ರ‍್ಯಾಮಿನ ವಿಷಯವನ್ನೂ ಆ ವಿವರಪಟ್ಟಿಯಲ್ಲೇ ನೋಡು. ತೆಳ್ಳನೆಯ ಯಂತ್ರಗಳಲ್ಲಿ ಅನೇಕವು ರ‍್ಯಾಮನ್ನು ಬೋರ್ಡಿಗೇ ಬೆಸುಗೆ ಹಾಕಿರುತ್ತವೆಯಂತೆ. ಇವತ್ತು 16 ಜಿಬಿ ಸಾಕು. ಮೂರನೆಯ ವರ್ಷ ಸಾಲದಾದರೆ? ಮನೆ ಕಟ್ಟುವಾಗ ಮುಂದಿನ ಅಂತಸ್ತಿಗೆಂದು ತಾರಸಿಯ ಮೇಲೆ ಕಂಬದ ಕಂಬಿಗಳನ್ನು ಬಿಟ್ಟಿರುತ್ತೇವಲ್ಲ, ಹಾಗೆ ಇನ್ನೊಂದು ಸ್ಲಾಟು ಖಾಲಿ ಇರತಕ್ಕದ್ದು.

ಮೊಮ್ಮಗಳು: ಈ ವಿಷಯದಲ್ಲಿ ದಪ್ಪ ಯಂತ್ರವೇ ಮೇಲು, ತಾತ. ಅದರಲ್ಲಿ ರ‍್ಯಾಮಿಗೆ ಎರಡು ಸ್ಲಾಟು, ಎಸ್‌ಎಸ್‌ಡಿಗೂ ಎರಡು. ನಿಮ್ಮ ಹಗುರ ಯಂತ್ರದಲ್ಲಿ ಇದ್ದದ್ದು ಇದ್ದಷ್ಟೇ.

ತಾತ: ನನ್ನದೆಂದು ಯಾವ ಯಂತ್ರವೂ ಇಲ್ಲ, ಸ್ಲಾಟಿರುವ ಹಗುರ ಯಂತ್ರವನ್ನು ಹುಡುಕು ಎನ್ನುತ್ತೇನೆ. ಒಂದೂವರೆ ಕಿಲೋ ಆದರೂ ಚಿಂತೆಯಿಲ್ಲ. ಟೈಪ್-ಸಿ ಚಾರ್ಜರಿನಲ್ಲಿ ನಡೆಯುವಂಥದು. 65 ವ್ಯಾಟಿನ ಆ ಚಾರ್ಜರು ಅಂಗೈಯಲ್ಲಿ ಹಿಡಿಸುತ್ತದೆ, ನಿನ್ನ ಫೋನಿಗೂ ಆಗುತ್ತದೆ. ಉಳಿದ ಹಣವನ್ನು ತೆಗೆದಿಟ್ಟು, ಮೂರನೆಯ ವರ್ಷದಲ್ಲಿ, ನಿನ್ನ ವಿದ್ಯೆ ಯಾವ ಕಡೆಗೆ ತಿರುಗಿತೆಂಬುದು ಸ್ಪಷ್ಟವಾದ ಮೇಲೆ, ಅಗತ್ಯ ಬಿದ್ದರೆ ಒಂದು ಡೆಸ್ಕ್‌ಟಾಪು ಕಟ್ಟಿಸು. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಭಾಗಗಳನ್ನು ಬಿಡಿಬಿಡಿಯಾಗಿ ಕೊಂಡು ಜೋಡಿಸಿದರೆ, ಅದೇ ಬೆಲೆಗೆ ಯಾವ ಲ್ಯಾಪ್‌ಟಾಪೂ ಕೊಡದಷ್ಟು ಬಲ ಸಿಗುತ್ತದೆ.

ಮೊಮ್ಮಗಳು: ಈ ಮನೆಯಲ್ಲಿ ಇಷ್ಟು ವರ್ಷವಿದ್ದು ಹೀಗೆ ಹೇಳುತ್ತೀರಲ್ಲ! ಸೀಟು ಸಿಕ್ಕ ಸಂತೋಷದಲ್ಲಿ ಅಪ್ಪ ಕೊಡುವ ಹಣ ಈಗ ಕೊಟ್ಟರೆ ಉಂಟು, ಮೂರನೆಯ ವರ್ಷಕ್ಕೆ ತೆಗೆದಿಟ್ಟರೆ ಅದು ಮನೆಯ ಸುಣ್ಣಬಣ್ಣಕ್ಕೋ ತಮ್ಮನ ಕೋಚಿಂಗಿಗೋ ಹೋಗಿರುತ್ತದೆ. ಶಿಕ್ಷಣಸಾಲ ಮಾಡಿದರೆ ಬ್ಯಾಂಕಿನವರು ಕಂಪ್ಯೂಟರಿನ ವೆಚ್ಚವನ್ನು ಸೇರಿಸಿಕೊಳ್ಳುವುದುಂಟು. ಅಪ್ಪ ಸಾಲ ಬೇಡವೆಂದಿದ್ದಾರೆ. ಇರುವುದು ಒಂದೇ ಅವಕಾಶ. ಒಂದೇ ಅವಕಾಶವಿರುವವರು ಭಾರದ ಕಡೆ ಸೋಲಬಹುದು, ಬಲದ ಕಡೆ ಸೋಲಬಾರದು. ಭಾರವನ್ನು ಸಹಿಸಬಹುದು, ಇಲ್ಲದ ಬಲವನ್ನು ಎಲ್ಲಿಂದ ತರುವುದು?

ತಾತ: ಬಲ ಹೆಚ್ಚಾಗಿ ಉಪಯೋಗವಾಗದೆ ಉಳಿದರೆ ಅದೂ ಸೋಲೇ. ಎರಡೂ ಕೂಡಿದ ಯಂತ್ರವೇ ಇಲ್ಲವೆ?

ಮೊಮ್ಮಗಳು: ಇದೆ. 14 ಇಂಚು, ಒಂದೂವರೆ ಕಿಲೋ, ಒಳಗೆ ಪ್ರತ್ಯೇಕ ಗ್ರಾಫಿಕ್ಸ್. ಬೆಲೆ ಲಕ್ಷವನ್ನು ದಾಟಿ ಬಹು ದೂರ ಹೋಗುತ್ತದೆ. ಅದರೊಳಗೆ 18 ಪರ್ಸೆಂಟ್ ಜಿಎಸ್‌ಟಿಯೂ ಸೇರಿದೆ. ಅದಕ್ಕೇ ಪಟ್ಟಿಯಲ್ಲಿ ಬರೆಯಲಿಲ್ಲ.

ತಾತ: ಬರೆಯದ್ದು ವಿವೇಕ. ಹಾಗಾದರೆ ನಾವಿಬ್ಬರೂ ಒಪ್ಪಿದ್ದನ್ನು ಬರೆದುಕೋ. ವಿಂಡೋಸ್; 16 ಜಿಬಿ, ಮುಂದೆ ಏರಿಸುವುದಕ್ಕೆ ಸ್ಲಾಟು; ನಲವತ್ತನೆಯ ನಿಮಿಷದಲ್ಲೂ ಬಾಡದ ಪ್ರೊಸೆಸರು; ಹಾಸನದಲ್ಲೇ ರಿಪೇರಿ ಸಿಗುವಂಥ ತಯಾರಕರು. ಗ್ರಾಫಿಕ್ಸಿನ ಎದುರು ಜಾಗ ಖಾಲಿ ಬಿಡು. ಕಾಲೇಜು ತೆರೆಯಲಿ, ಬಾಹಾ ತಂಡದ ಹಿರಿಯ ವಿದ್ಯಾರ್ಥಿಗಳನ್ನು ಕಂಡು, ಯಾವ ಲೆಕ್ಕವನ್ನು ಯಾವ ಯಂತ್ರದಲ್ಲಿ ಮಾಡುತ್ತೀರೆಂದೂ, ಬೆಳಗ್ಗೆ ತರಗತಿಗೆ ಹೊರಡುವಾಗ ಚೀಲದಲ್ಲಿ ಏನನ್ನು ಒಯ್ಯುತ್ತೀರೆಂದೂ ಎರಡನ್ನೂ ಕೇಳು.

ಮೊಮ್ಮಗಳು: ಅಷ್ಟರಲ್ಲಿ ವಿದ್ಯಾರ್ಥಿಗಳ ರಿಯಾಯಿತಿ ಮುಗಿದಿರುತ್ತದೆ.

ತಾತ: ಆಯುಧಪೂಜೆಗೆ ಇನ್ನೊಂದು ರಿಯಾಯಿತಿ ಬಂದೇ ಬರುತ್ತದೆ.

ಮೊಮ್ಮಗಳು: ಬರುತ್ತದೆ ತಾತ, ಆ ಹೊತ್ತಿಗೆ ಮೊದಲ ಇಂಟರ್ನಲ್ಸೂ ಮುಗಿದಿರುತ್ತದೆ. ಅಲ್ಲಿಯ ತನಕ ಸಾಲಿಡ್ ಎಡ್ಜ್ ಅಭ್ಯಾಸಕ್ಕೆ ಏನು ಮಾಡಲಿ?

ತಾತ: ಕಾಲೇಜಿನ ಲ್ಯಾಬಿದೆಯಲ್ಲ.

ಮೊಮ್ಮಗಳು: ಸಾಯಂಕಾಲ ಬೀಗ ಹಾಕುವ ಲ್ಯಾಬೆ?